ಚಾರಣಕ್ಕೆ ಕಪಾಟು, ಗುಳೆಗೆ ಕಡತ

ನನ್ನ ತಕರಾರು ಸಣ್ಣದು. ನಾಳಿನ ದಿನವಾದರೂ ಚೆನ್ನಾಗಿರಲಿ ಎಂದು ಊರು ಬಿಡುವವರ ಪ್ರಯಾಣಕ್ಕೆ ಕನ್ನಡದ ಪ್ರವಾಸಕಥನದ ಕಪಾಟಿನಲ್ಲಿ ಜಾಗವಿಲ್ಲ. ಕೆಲಸ ಕಾಯಂ ಆಗಿ, ಮನೆ ಕಟ್ಟಿ, ಆಮೇಲೂ ಯಾಕೋ ಮನಸ್ಸು ಖಾಲಿ ಅನ್ನಿಸಿ ಬೆಟ್ಟ ಹತ್ತುವವರ ಪ್ರಯಾಣಕ್ಕೆ ಬೇಕಾದಷ್ಟು ಜಾಗವಿದೆ. ಮೊದಲನೆಯದಕ್ಕೆ ಗುಳೆ ಎಂಬ ಒಂದೇ ಹೆಸರು. ಎರಡನೆಯದಕ್ಕೆ ಪ್ರವಾಸ, ಚಾರಣ, ಯಾನ, ಪಯಣ, ಅಲೆದಾಟ ಎಂದು ಬಗೆಬಗೆಯ ಹೆಸರು. ಗುಳೆ ಹೋದವರ ಸುದ್ದಿ ಕಚೇರಿಯ ಕಡತಕ್ಕೆ, ಹೆಚ್ಚೆಂದರೆ ಪತ್ರಿಕೆಯ ಜಿಲ್ಲಾ ಪುಟಕ್ಕೆ ಹೋಗುತ್ತದೆ. ಚಾರಣ ಹೋದವರ ಸುದ್ದಿ ಮುಖಪುಟದ ಬಣ್ಣದ ಚಿತ್ರದೊಂದಿಗೆ ಪುಸ್ತಕವಾಗುತ್ತದೆ. ಇದು ಸಾಹಿತ್ಯ ತಾನಾಗಿ ಮಾಡಿಕೊಂಡ ವಿಂಗಡಣೆ ಎಂದು ಒಪ್ಪಲು ನಾನು ತಯಾರಿಲ್ಲ. ನಾವು, ಅಂದರೆ ಬರೆಯುವವರು, ಪ್ರಕಟಿಸುವವರು, ಪಾಠ ಹೇಳುವವರು, ಬಹುಮಾನ ಕೊಡುವವರು ಸೇರಿ ಮಾಡಿದ ವಿಂಗಡಣೆ ಇದು.

ನಾನು ಎಲ್ಲಿ ನಿಂತು ಮಾತಾಡುತ್ತಿದ್ದೇನೆ ಎಂಬುದನ್ನೂ ಹೇಳಿಬಿಡುತ್ತೇನೆ. ವಿಜಯಪುರದ ಅಥಣಿ ರಸ್ತೆಯಲ್ಲಿ ನನ್ನ ಬಾಡಿಗೆ ಮನೆ. ಪದವಿ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಅತಿಥಿ ಉಪನ್ಯಾಸಕ ನಾನು. ಈ ರಸ್ತೆ ಹಿಡಿದು ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ಹೋದರೆ ತಿಕೋಟಾ. ದ್ರಾಕ್ಷಿ ಪಡಗಳ, ಮಣೂಕ ಒಣಗಿಸುವ ಶೆಡ್ಡುಗಳ ಸೀಮೆ. ಮುಂದೆ ಅಥಣಿ, ಕಾಗವಾಡ, ಗಡಿ ದಾಟಿದರೆ ಮಿರಜ, ಸಾಂಗಲಿ. ದಸರಾ, ದೀಪಾವಳಿ ಮುಗಿದ ಮೇಲೆ ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುತ್ತವೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಜೋಳದ ಚೀಲ, ಕೊಡ, ತಾಡಪತ್ರಿ, ಕಟ್ಟಿಹಾಕಿದ ಆಡು, ನಿದ್ದೆಹೋದ ಮಕ್ಕಳು. ಇನ್ನು ಕೆಲವರು ಬಸ್ಸು, ರೈಲು ಹಿಡಿದು ಗೋವಾಕ್ಕೆ, ಪುಣೆಗೆ, ಮಂಗಳೂರಿಗೆ ಹೋಗುತ್ತಾರೆ. ನನ್ನ ಕ್ಲಾಸಿನಲ್ಲಿ ಕೂತ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿಯ ಅವ್ವ-ಅಪ್ಪ ಹೀಗೆ ಹೋಗಿ ಬಂದವರು. ಆ ಮಕ್ಕಳ ಕೈಗೆ ನಾವು ಕೊಡುವ ಪ್ರವಾಸಕಥನ ಮಾತ್ರ ಹೆಚ್ಚಿನಂಶ ವಿಮಾನ ಹತ್ತಿದವರದು.

ನಮ್ಮ ಪ್ರವಾಸಸಾಹಿತ್ಯ ದೊಡ್ಡದು, ಅದರ ಬಗ್ಗೆ ನನಗೆ ಗೌರವವಿದೆ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’, ಕಾರಂತರ ‘ಅಬೂವಿನಿಂದ ಬರಾಮಕ್ಕೆ’ ಮತ್ತು ‘ಅಪೂರ್ವ ಪಶ್ಚಿಮ’, ಗೋಕಾಕರ ‘ಸಮುದ್ರದಾಚೆಯಿಂದ’ ಇವೆಲ್ಲ ಕನ್ನಡದ ಕಣ್ಣನ್ನು ಅಗಲ ಮಾಡಿದ ಪುಸ್ತಕಗಳು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ವಿಗೆ 1978ರಲ್ಲಿ, ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಬರೆದ ನೇಮಿಚಂದ್ರ ಅವರನ್ನು ಓದಿ, ಹೆಣ್ಣುಮಕ್ಕಳು ಇಷ್ಟು ದೂರ ಹೋಗಬಹುದೇ ಎಂದು ಕಣ್ಣರಳಿಸಿದ ಹುಡುಗಿಯರನ್ನು ನಾನು ನೋಡಿದ್ದೇನೆ. ಇವರೆಲ್ಲ ನೋಡಲು ಹೋದರು, ನೋಡಿದ್ದನ್ನು ಪ್ರಾಮಾಣಿಕವಾಗಿ ಬರೆದರು.

ನನಗೆ ಸಿಟ್ಟು ಬರುವುದು ಈಚೆಗೆ ಹೆಚ್ಚುತ್ತಿರುವ ಇನ್ನೊಂದು ಬಗೆಯ ಪುಸ್ತಕದ ಮೇಲೆ. ಅದರ ಅಚ್ಚು ನಿಮಗೂ ಗೊತ್ತು. ನಗರದ ನೌಕರಿಯಲ್ಲಿ ಬೇಸತ್ತ ಒಬ್ಬರು ಬೆನ್ನಚೀಲ ಹೊತ್ತು ಹೊರಡುತ್ತಾರೆ. ಮೊದಲ ದಿನ ಕಾಲಿಗೆ ಬೊಬ್ಬೆ. ಎರಡನೇ ದಿನ ಮಳೆ, ಜಿಗಣೆ. ಮೂರನೇ ದಿನ ಬಡವನೊಬ್ಬ ಚಹಾ ಕೊಟ್ಟು ಒಂದು ತತ್ವದ ಮಾತು ಹೇಳುತ್ತಾನೆ. ನಾಲ್ಕನೇ ದಿನ ಬೆಟ್ಟದ ನೆತ್ತಿಯಲ್ಲಿ ಮಂಜು ಸರಿದು ‘ನನ್ನನ್ನು ನಾನು ಕಂಡುಕೊಂಡೆ’. ಕೊನೆಯ ಅಧ್ಯಾಯದಲ್ಲಿ ಹೊಸ ಬದುಕು ಶುರು. ಚಹಾ ಕೊಟ್ಟವನ ಊರು ಯಾವುದು, ಅವನು ಆ ಬೆಟ್ಟದ ಬುಡಕ್ಕೆ ಎಲ್ಲಿಂದ ಬಂದ, ಅವನ ಹೊಸ ಬದುಕು ಯಾವಾಗ ಶುರು ಎಂಬುದು ಯಾವ ಅಧ್ಯಾಯದಲ್ಲೂ ಇರುವುದಿಲ್ಲ.

ಈ ಅಚ್ಚಿಗೆ ಮೂಲವಾದ ಅಮೆರಿಕದ ಪುಸ್ತಕಗಳೇ ಇದಕ್ಕಿಂತ ಎಷ್ಟೋ ವಾಸಿ. ಷೆರಿಲ್ ಸ್ಟ್ರೇಡ್ ಅವರ ‘ವೈಲ್ಡ್’ 2012ರಲ್ಲಿ ಬಂತು. ತಾಯಿ ತೀರಿಹೋಗಿ, ಮದುವೆ ಮುರಿದು, ಕೈಯಲ್ಲಿ ಕಾಸಿಲ್ಲದ ಹೆಣ್ಣೊಬ್ಬಳು 1995ರಲ್ಲಿ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಎಂಬ ಕಾಲುದಾರಿಯಲ್ಲಿ 1100 ಮೈಲಿ ನಡೆದ ಕಥೆ ಅದು. ಅದರಲ್ಲಿ ಅವಳ ಒಂದು ಬೂಟು ಕಡಿದಾದ ಇಳಿಜಾರಿನಲ್ಲಿ ಉರುಳಿ ಹೋಗುತ್ತದೆ. ಸಿಟ್ಟಿಗೆ ಇನ್ನೊಂದನ್ನೂ ಎಸೆಯುತ್ತಾಳೆ. ಓದಿದವರು ಮರೆಯುವುದಿಲ್ಲ. ನೆನಪಿರಲಿ, ಅಮೆರಿಕದವರು ಅದಕ್ಕೂ ಬಹಳ ಮೊದಲು, 1939ರಲ್ಲೇ, ಸ್ಟೀನ್‌ಬೆಕ್‌ನ ‘ದ ಗ್ರೇಪ್ಸ್ ಆಫ್ ರಾತ್’ ಓದಿದ್ದರು. ಬರ ಮತ್ತು ಸಾಲಕ್ಕೆ ಸಿಕ್ಕಿ ಓಕ್ಲಹೋಮಾ ಬಿಟ್ಟು, ಹಳೆಯ ವಾಹನದಲ್ಲಿ ಸಂಸಾರ ತುಂಬಿಕೊಂಡು, 66ನೇ ಹೆದ್ದಾರಿ ಹಿಡಿದು ಕ್ಯಾಲಿಫೋರ್ನಿಯಾದ ಹಣ್ಣಿನ ತೋಟಗಳಿಗೆ ಹೊರಟವರ ಕಾದಂಬರಿ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಗುಳೆಯ ಕಾದಂಬರಿ. ಅದರಲ್ಲಿ ದಾರಿ ಇದೆ, ದಾರಿಯ ಊರುಗಳಿವೆ, ಕೆಟ್ಟು ನಿಲ್ಲುವ ಗಾಡಿ ಇದೆ, ರಾತ್ರಿಯ ಬಿಡಾರಗಳಿವೆ, ಬೆಟ್ಟ ಇಳಿಯುವಾಗ ಮೊದಲ ಸಲ ಹಸಿರು ಕಣಿವೆ ಕಂಡು ಬಾಯಿ ತೆರೆಯುವ ಗಳಿಗೆಯೂ ಇದೆ. ಹೊಸ ನಾಳೆ ಅರಸುವವರಿಗೂ ಕಣ್ಣಿರುತ್ತದೆ ಎಂದು ಆ ಪುಸ್ತಕ ನಂಬಿತ್ತು. ನಮ್ಮಲ್ಲಿ ‘ವೈಲ್ಡ್’ನ ಬೊಬ್ಬೆ ಬಂತು; ಆ ನಂಬಿಕೆ ಬರಲಿಲ್ಲ.

ಬೂಟಿನ ಮಾತು ಬಂತಲ್ಲ, ಚಪ್ಪಲಿಯ ಮಾತನ್ನೂ ಆಡಿಬಿಡೋಣ. ನನ್ನ ರಸ್ತೆ ಹೋಗಿ ಮುಟ್ಟುವ ಅಥಣಿ ಕೈಯಲ್ಲಿ ಹೊಲಿದ ಚರ್ಮದ ಚಪ್ಪಲಿಗೆ ಹೆಸರಾದ ಊರು. ಅಲ್ಲಿನ ಸಮಗಾರ ಕುಟುಂಬಗಳು ಮಾಡುವ ಚಪ್ಪಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಲೋಕಕ್ಕೆಲ್ಲ ಹೋಗುತ್ತದೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಇವೆ. 2025ರ ಜೂನ್‌ನಲ್ಲಿ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಅಂಥದೇ ಚಪ್ಪಲಿ ತೋರಿಸಿತು, ಎಲ್ಲಿಯದು ಎಂದು ಹೇಳಲಿಲ್ಲ. ಇಲ್ಲಿ ಗದ್ದಲವಾದ ಮೇಲೆ ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದದ್ದೆಂದು ಒಪ್ಪಿಕೊಂಡಿತು. ಆಗ ನಾವೆಲ್ಲ ಸಿಟ್ಟಾದೆವು. ಸರಿಯಾದ ಸಿಟ್ಟೇ. ಆದರೆ ಆ ಚಪ್ಪಲಿ ಮೆಟ್ಟಿ ನಡೆದವರ ದಾರಿಯನ್ನು ನಮ್ಮ ಸಾಹಿತ್ಯ ಹೆಸರಿಲ್ಲದೆ ಬಿಟ್ಟಿದ್ದಕ್ಕೆ ಯಾರೂ ಸಿಟ್ಟಾಗುವುದಿಲ್ಲ.

ಇದು ಬರೀ ಓದುವವನ ಕಿರಿಕಿರಿ ಅಂದುಕೊಳ್ಳಬೇಡಿ. ಇದರಿಂದ ಏನಾಗುತ್ತದೆ ಎಂಬುದಕ್ಕೆ ನನ್ನ ಕಣ್ಣೆದುರಿನ ಒಂದು ಸಂಗತಿ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಸಾಹಿತ್ಯ ಬಳಗ ವಿದ್ಯಾರ್ಥಿಗಳಿಗೆ ಪ್ರವಾಸಕಥನ ಸ್ಪರ್ಧೆ ಏರ್ಪಡಿಸಿತ್ತು. ಬಬಲೇಶ್ವರದ ಕಡೆಯ ಹಳ್ಳಿಯ ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ಅವ್ವ ಮೊದಲ ಸಲ ಗೋವಾಕ್ಕೆ ಹೋದ ಪ್ರಯಾಣವನ್ನು ಅವಳ ಬಾಯಿಂದ ಕೇಳಿ ಬರೆದಳು. ಅಲ್ಲಿ ಅನ್ನವೇ ಗತಿ ಎಂದು ಯಾರೋ ಹೇಳಿದ್ದಕ್ಕೆ ಎರಡು ತಿಂಗಳಿಗಾಗುವಷ್ಟು ಜೋಳದ ಹಿಟ್ಟು ಬೀಸಿಸಿಕೊಂಡು ಹೋಗಿದ್ದು, ಬಯಲು ಸೀಮೆಯ ಅವಳಿಗೆ ಘಟ್ಟದ ತಿರುವುಗಳಲ್ಲಿ ತಲೆ ತಿರುಗಿ ಇಷ್ಟೊಂದು ಗಿಡ ಯಾರು ಹಚ್ಚಿದರು ಎಂದು ಕೇಳಿದ್ದು, ಕಟ್ಟಡದ ಕೆಲಸದಲ್ಲಿ ಕೊಂಕಣಿಯ ಅಂಕಿಗಳನ್ನು ಕೂಲಿ ಎಣಿಸಲೆಂದೇ ಕಲಿತದ್ದು, ಬಸ್ಸಿನ ಬೋರ್ಡು ಓದಲು ಬಾರದೆ ಒಂದು ಬಿಳಿ ಇಗರ್ಜಿಯ ಗುರುತು ಇಟ್ಟುಕೊಂಡು ಇಳಿಯುತ್ತಿದ್ದದ್ದು, ಎಲ್ಲ ಅದರಲ್ಲಿತ್ತು. ವಾಸ್ಕೋದಲ್ಲಿ ಸಮುದ್ರ ನೋಡಿದಾಗ ಅವಳು ಆಡಿದ ಮಾತನ್ನು ಹುಡುಗಿ ಹಾಗೇ ಬರೆದಿದ್ದಳು: “ಯವ್ವಾ, ಇಷ್ಟ ನೀರ ಐತಿ, ಒಂದ ಕೊಡಾನೂ ಕುಡ್ಯಾಕ ಬರಂಗಿಲ್ಲಂತ!” ಕೊಡ ಹೊತ್ತು ನೀರಿಗೆ ಮೈಲುಗಟ್ಟಲೆ ನಡೆದ ಹೆಣ್ಣುಮಗಳು ಸಮುದ್ರದ ಬಗ್ಗೆ ಆಡಿದ ಇಂಥ ಮಾತು ನಮ್ಮ ಯಾವ ಪ್ರವಾಸಕಥನದಲ್ಲೂ ನನಗೆ ಸಿಕ್ಕಿಲ್ಲ.

ಬರಹ ವಾಪಸು ಬಂತು. ಜೊತೆಗೆ ಎರಡು ಸಾಲಿನ ಟಿಪ್ಪಣಿ: ಇದು ಪ್ರವಾಸಕಥನದ ವ್ಯಾಪ್ತಿಗೆ ಬರುವುದಿಲ್ಲ, ಸಾಮಾಜಿಕ ಸಮಸ್ಯೆಗಳ ಪ್ರಬಂಧ ಸ್ಪರ್ಧೆ ನಡೆದಾಗ ಕಳಿಸಬಹುದು. ಬಹುಮಾನ ಕೊಡಗಿನ ರೆಸಾರ್ಟಿನಲ್ಲಿ ಕಳೆದ ಮೂರು ದಿನಗಳ ಬರಹಕ್ಕೆ ಹೋಯಿತು. ಹುಡುಗಿ ಅಳಲಿಲ್ಲ. ಟಿಪ್ಪಣಿಯನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದಳು: “ಸರ, ನಮ್ಮವ್ವ ಹೋಗಿದ್ದು ಪ್ರವಾಸ ಅಲ್ಲಂದ್ರ ಅಲ್ಲ. ಆದ್ರ ಅಕಿ ಸಮಸ್ಯೆ ಹೆಂಗಾದ್ಳ್ರೀ?”

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವೆಲ್ಲ. ಇಷ್ಟವಿದ್ದು ಹೊರಟವನಿಗೆ ನೋಡುವ ಹಕ್ಕು ಕೊಟ್ಟಿದ್ದೇವೆ, ಕಷ್ಟಕ್ಕೆ ಹೊರಟವನಿಗೆ ನೋಡಿಸಿಕೊಳ್ಳುವ ಪಾಲನ್ನಷ್ಟೇ ಕೊಟ್ಟಿದ್ದೇವೆ. ಅವನ ಬಗ್ಗೆ ವರದಿ ಬರುತ್ತದೆ, ಸಮೀಕ್ಷೆ ಬರುತ್ತದೆ, ಕಣ್ಣೀರಿನ ಕವಿತೆ ಬರುತ್ತದೆ. ಆ ಕವಿತೆಯಲ್ಲಿ ಅವನ ಒಡೆದ ಹಿಮ್ಮಡಿ ಇರುತ್ತದೆ, ಹಸಿದ ಹೊಟ್ಟೆ ಇರುತ್ತದೆ, ಕಣ್ಣು ಮಾತ್ರ ಇರುವುದಿಲ್ಲ. ಅವನು ಏನು ಕಂಡ, ಯಾವುದಕ್ಕೆ ನಕ್ಕ, ಯಾವ ಊರಿನ ನೀರು ಸಿಹಿ ಅಂದ, ಯಾವ ಮಾಲಕ ಮೋಸಗಾರ ಎಂದು ಎಷ್ಟು ದಿನಕ್ಕೆ ಪತ್ತೆಮಾಡಿದ ಎಂದು ಕೇಳುವವರಿಲ್ಲ. ಕರುಣೆ ತೋರಿಸುವುದು ಸುಲಭ, ಅದಕ್ಕೆ ಎದುರಿನವನ ಮಾತು ಕೇಳಬೇಕಾಗಿಲ್ಲ.

ಸರಕಾರದ ಲೆಕ್ಕವೂ ಇದೇ ಚಾಳಿಯದು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಚಾರಣಿಗರು ಕಿಕ್ಕಿರಿದ ಮೇಲೆ ಆನ್‌ಲೈನ್ ಟಿಕೆಟ್ಟಿನ ವ್ಯವಸ್ಥೆ ಬಂತು. ಒಳ್ಳೆಯದೇ, ಕಾಡು ಉಳಿಯಬೇಕು. ಈಗ ಯಾವ ದಿನ ಯಾವ ಬೆಟ್ಟಕ್ಕೆ ಯಾರು ಹತ್ತಿದರು ಎಂಬ ಲೆಕ್ಕ ಸಿಗುತ್ತದೆ. ಅಂತರರಾಜ್ಯ ವಲಸೆ ಕಾರ್ಮಿಕರ ಹೆಸರು ನೋಂದಾಯಿಸಬೇಕು ಎಂಬ ಕಾಯ್ದೆ 1979ರಲ್ಲೇ ಆಗಿತ್ತು. 2020ರ ಮಾರ್ಚ್ 24ರ ರಾತ್ರಿ, ನಾಲ್ಕು ತಾಸಿನ ಮುನ್ಸೂಚನೆ ಕೊಟ್ಟು ದೇಶಕ್ಕೆ ಬೀಗ ಹಾಕಿದಾಗ ಹೆದ್ದಾರಿಗಳಲ್ಲಿ ಜನ ನಡೆದರು. ಒಂದು ಕೋಟಿಗೂ ಹೆಚ್ಚು ಕಾರ್ಮಿಕರು ಊರಿಗೆ ಮರಳಿದರೆಂದು ಕೇಂದ್ರ ಸರಕಾರವೇ ಹೇಳಿತು. ದಾರಿಯಲ್ಲಿ ಸತ್ತವರೆಷ್ಟು ಎಂದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಕೇಳಿದಾಗ ಅಂಥ ಮಾಹಿತಿ ಇಟ್ಟಿಲ್ಲ ಎಂಬ ಉತ್ತರ ಬಂತು. ನಮ್ಮ ಜೀವಮಾನದಲ್ಲಿ ಈ ನೆಲ ಕಂಡ ಅತಿ ದೊಡ್ಡ ಕಾಲ್ನಡಿಗೆ ಅದು. ಸರಕಾರ ಲೆಕ್ಕ ಇಡಲಿಲ್ಲ, ಸರಿ. ಸಾಹಿತ್ಯವಾದರೂ ಇಡಬೇಕಿತ್ತಲ್ಲ? ನಡೆದವರು ತಾವೇ ಹೇಳಿದ ದಾರಿಯ ಕಥೆಗಳು ನಮ್ಮ ಪ್ರವಾಸಕಥನದ ಕಪಾಟಿಗೆ ಬರಬೇಕಿತ್ತಲ್ಲ?

ಇಷ್ಟು ಹೇಳಿದಾಗ ನನಗೆ ಎದುರಾಗುವ ವಾದಗಳು ಎರಡು. ಮೊದಲನೆಯದು ಗಟ್ಟಿಯಾದದ್ದು. ಗುಳೆಯನ್ನು ಪ್ರವಾಸ ಎಂದು ಕರೆದರೆ ಬಡತನಕ್ಕೆ ಬಣ್ಣ ಬಳಿದಂತಾಗುವುದಿಲ್ಲವೇ, ಮುಂಗಡ ಕೊಟ್ಟು ಜನರನ್ನು ಕಟ್ಟಿಹಾಕುವ ವ್ಯವಸ್ಥೆಯನ್ನು ಮರೆಸಿದಂತಾಗುವುದಿಲ್ಲವೇ? ಈ ಅಂಜಿಕೆಯಲ್ಲಿ ಪ್ರಾಮಾಣಿಕತೆ ಇದೆ. ಗುಳೆ ಹೋಗುವುದು ಚೆಂದ ಎಂದು ಅಥಣಿ ರಸ್ತೆಯಲ್ಲಿ ಯಾರೂ ಹೇಳುವುದಿಲ್ಲ. ಕೃಷ್ಣೆಯ ನೀರು ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಇತ್ತ ಕಡೆ ಹರಿಯತೊಡಗಿದ ಮೇಲೆ ಮುದುಕರೊಬ್ಬರು ನನಗೆ ಅಂದಿದ್ದರು: “ಈ ನೀರ ಮದಲs ಬಂದಿದ್ರ ನಾವ ಯಾಕ ಹೋಗ್ತಿದ್ವಿರೀ?” ನೀರು ಕೊಡಿ, ಕೂಲಿ ಕೊಡಿ ಎಂಬ ಬೇಡಿಕೆಯ ಮುಂದೆ ನನ್ನ ಈ ಪುಸ್ತಕದ ಬೇಡಿಕೆ ಚಿಕ್ಕದೇ. ಆದರೆ ಕಷ್ಟ ಮತ್ತು ಬೆರಗು ಒಂದೇ ಎದೆಯಲ್ಲಿ ಇರುತ್ತವೆ. ಆ ಅವ್ವ ಸಮುದ್ರದ ಮುಂದೆ ಬೆರಗಾದಳು, ಅದೇ ವಾರ ಕೂಲಿಯಲ್ಲಿ ಮೋಸ ಹೋದಳು. ಎರಡನ್ನೂ ಬರೆದರೆ ಅವಳು ಪೂರ್ತಿ ಮನುಷ್ಯಳಾಗುತ್ತಾಳೆ. ಮೋಸವನ್ನಷ್ಟೇ ಬರೆದರೆ ಅವಳು ಕಡತದಲ್ಲಿ ಒಂದು ಪ್ರಕರಣ. ಅವಳ ಬೆರಗನ್ನು ಕಿತ್ತುಕೊಂಡರೆ ಅದು ಎರಡನೇ ಮೋಸ, ಅದನ್ನು ಮಾಡುವವರು ನಾವು.

ಎರಡನೇ ವಾದ: ಅವರು ಬರೆಯುವುದಿಲ್ಲವಲ್ಲ, ನಾವೇನು ಮಾಡೋಣ? ವಿಜಯಪುರದ ಮಣ್ಣಿನಲ್ಲಿ ನಿಂತು ಈ ಮಾತು ಹೇಳಲು ನಾಚಿಕೆಯಾಗಬೇಕು. ಬರೆಯದವರ ಮಾತನ್ನು, ಮರೆತವರ ಬರಹವನ್ನು ಊರೂರು ತಿರುಗಿ ತಂದ ಕೆಲಸ ನಡೆದದ್ದೇ ಇಲ್ಲಿ. ವಕೀಲಿಕೆಗೆಂದು 1904ರಲ್ಲಿ ಈ ಊರಿಗೆ ಬಂದ ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠ ಅಲೆದು ತಾಡೋಲೆಗಳನ್ನು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಅವರು ಹಾಗೆ ಅಲೆಯದಿದ್ದರೆ ನಾವು ಇಂದು ಎದೆ ತಟ್ಟಿ ಹೇಳುವ ವಚನಗಳಲ್ಲಿ ಎಷ್ಟು ಉಳಿಯುತ್ತಿದ್ದವು? ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮೊದಲಾದವರು, ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡರು. ಅದರಿಂದ 1931ರಲ್ಲಿ ‘ಗರತಿಯ ಹಾಡು’ ಬಂತು. ಗಂಡನ ಮನೆಯಿಂದ ತವರಿಗೆ ಹೋಗುವ ದಾರಿ ನಮ್ಮ ಗರತಿಯರ ಹಾಡುಗಳಲ್ಲಿ ಮತ್ತೆಮತ್ತೆ ಬರುವುದು ಎಲ್ಲರಿಗೂ ಗೊತ್ತು. ಅಕ್ಷರ ಬಾರದ ಹೆಣ್ಣು ತನ್ನ ದಾರಿಯನ್ನು ಹಾಡಿ ಇಟ್ಟಿದ್ದಳು. ಅದು ಸಾಹಿತ್ಯ ಎಂದು ಗುರುತಿಸಲು ಹಳ್ಳಿಯ ಕೆಲವು ಗೆಳೆಯರು ಬೇಕಾದರು.

ಇನ್ನೂ ಹಿಂದೆ ಹೋಗಿ. ಜಂಗಮ ಎಂದರೆ ಚಲಿಸುವವನು ಎಂದು ನಾವು ಭಾಷಣದಲ್ಲಿ ಹೇಳುತ್ತೇವೆ. ಈ ಜಿಲ್ಲೆಯ ಬಾಗೇವಾಡಿ ಬಿಟ್ಟ ಬಸವಣ್ಣ ಕೂಡಲಸಂಗಮಕ್ಕೆ, ಮುಂದೆ ಕಲ್ಯಾಣಕ್ಕೆ ಹೋದದ್ದು ಹೊಸ ನಾಳೆಯೊಂದನ್ನು ಹುಡುಕಿಕೊಂಡೇ. ಕಲ್ಯಾಣ ಕೆಟ್ಟ ಮೇಲೆ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನತ್ತ ನಡೆದರು ಎನ್ನುತ್ತದೆ ಪರಂಪರೆ. ಅದು ಚಾರಣವಾಗಿರಲಿಲ್ಲ. ಜೀವ ಉಳಿಸಿಕೊಳ್ಳಲು, ಮಾತು ಉಳಿಸಿಕೊಳ್ಳಲು ನಡೆದ ನಡಿಗೆ ಅದು. ಇನ್ನು ನಮ್ಮ ತಾಂಡಾಗಳ ಲಂಬಾಣಿಗಳು. ಎತ್ತುಗಳ ಬೆನ್ನ ಮೇಲೆ ಉಪ್ಪು, ಧಾನ್ಯ ಹೇರಿ ದಖ್ಖನ್ನಿನ ಸಂತೆಗಳಿಗೂ ದಂಡುಗಳಿಗೂ ಮುಟ್ಟಿಸಿದವರು. ರೈಲು, ರಸ್ತೆ ಬಂದ ಮೇಲೆ ಆ ಕಸುಬು ಕಳೆದುಕೊಂಡವರು. ದಾರಿಯ ಬಗ್ಗೆ ಅವರಿಗೆ ಗೊತ್ತಿರುವಷ್ಟು ಯಾವ ಪ್ರವಾಸಲೇಖಕನಿಗೆ ಗೊತ್ತಿದೆ? ಅವರ ಮೊಮ್ಮಕ್ಕಳು ಇಂದು ನಮ್ಮ ಕ್ಲಾಸಿನಲ್ಲಿ ಕೂತು, ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ, ಅಪ್ಪ ಎಲ್ಲಿದ್ದಾರೆ ಎಂದು ಕೇಳಿದರೆ ‘ಊರಾಗಿಲ್ರೀ’ ಎಂದಷ್ಟೇ ಹೇಳುತ್ತಾರೆ. ತಮ್ಮ ಮನೆಯ ಪ್ರಯಾಣ ಹೇಳಿಕೊಳ್ಳುವಂಥದ್ದಲ್ಲ ಎಂಬುದನ್ನು ಅವರಿಗೆ ಕಲಿಸಿದವರು ಯಾರು?

ಆದ್ದರಿಂದ, ಇದನ್ನು ಓದುತ್ತಿರುವ ವಿದ್ಯಾರ್ಥಿಗಳೇ, ನನ್ನ ಮಾತು ನಿಮಗೆ. ಚಾರಣಕ್ಕೆ ಹೋಗಬೇಡಿ ಎಂದು ಹೇಳುವವನು ನಾನಲ್ಲ. ಹೋಗಿ, ಬೆಟ್ಟ ಹತ್ತಿ, ಬರೆಯಿರಿ. ಹುಡುಗಿಯರು ಒಬ್ಬರೇ ಹೋಗಿ ಬರೆದರೆ ಇನ್ನೂ ಸಂತೋಷ. ಆದರೆ ಅದಕ್ಕೆ ಮುಂಚೆ ಒಂದು ದಿನ ಮನೆಯಲ್ಲಿ ಅವ್ವನ ಹತ್ತಿರ, ಅಪ್ಪನ ಹತ್ತಿರ, ಕಾಕಾನ ಹತ್ತಿರ ಕೂಡಿರಿ. ಮೊದಲ ಸಲ ಊರು ಬಿಟ್ಟಾಗ ಯಾವ ಗಾಡಿ ಹತ್ತಿದಿರಿ, ಗಂಟಿನಲ್ಲಿ ಏನೇನು ಕಟ್ಟಿಕೊಂಡಿರಿ, ಹೊಸ ಊರಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದೇನು, ಯಾವ ಭಾಷೆಯ ಯಾವ ಮಾತು ಮೊದಲು ಕಲಿತಿರಿ, ವಾಪಸು ಬರುವಾಗ ಏನು ತಂದಿರಿ ಎಂದು ಕೇಳಿ. ಈ ಐದು ಪ್ರಶ್ನೆ ಸಾಕು. ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ, ಅವರ ಮಾತಿನಲ್ಲೇ ಬರೆಯಿರಿ. ನೆರಳೆಳೆದು ಅಲಂಕಾರ ಮಾಡಬೇಡಿ. ಅವರ ಹೆಸರನ್ನು ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ಹಾಕದೆ, ಅವರು ಒಪ್ಪಿದರೆ, ಲೇಖಕರ ಜಾಗದಲ್ಲಿ ಹಾಕಿ.

ಮೇಷ್ಟ್ರುಗಳಿಗೆ, ಪ್ರಕಾಶಕರಿಗೆ, ಬಹುಮಾನ ಕೊಡುವ ಬಳಗಗಳಿಗೂ ಒಂದು ಮಾತು. ಪ್ರವಾಸಕಥನ ಎಂದರೆ ಮನೆಗೆ ಮರಳುವ ಟಿಕೆಟ್ ಮೊದಲೇ ಕೊಂಡವರು ಬರೆಯುವುದು ಎಂಬ ಅಘೋಷಿತ ನಿಯಮವನ್ನು ಕೈಬಿಡಿ. ನಿಮ್ಮ ಪಠ್ಯದಲ್ಲಿ ಅಮೆರಿಕಕ್ಕೆ ಒಂದು ಪಾಠ ಇರಲಿ, ಗೋವಾದ ಶೆಡ್ಡಿಗೂ ಒಂದು ಪಾಠ ಇರಲಿ. ಸಮುದ್ರದ ಮುಂದೆ ನಿಂತು ಕೊಡದ ನೆನಪು ಮಾಡಿಕೊಂಡ ಆ ಹೆಣ್ಣುಮಗಳ ಪ್ರಯಾಣ ಪುಸ್ತಕವಾಗಿ ಬಂದ ದಿನ, ಇದನ್ನು ಎಲ್ಲಿ ಇಡೋಣ ಎಂದು ಅಂಗಡಿಯವರು ಕೇಳಿದರೆ ತಡವರಿಸಬೇಡಿ. ಪ್ರವಾಸಕಥನ ಎಂದು ಬರೆದ ಕಪಾಟಿನಲ್ಲಿ, ಕಾರಂತರ ಪಕ್ಕ, ಎಲ್ಲರ ಕೈಗೆಟಕುವ ಸಾಲಿನಲ್ಲಿ ಇಡಿ.